ನ್ಯೂಕ್ಲಿಯರ್ ಫಿಸಿಕ್ಸ್ ಓದಿದವರು ಆಸ್ಪತ್ರೆಯ ಇಮೇಜಿಂಗ್‌ಗೆ ಬರುವುದು ಹೇಗೆ?

ಎಂ.ಎಸ್ಸಿ.ಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಆರಿಸಿಕೊಂಡು, ಸಂಶೋಧನೆಗೆ ಇಳಿದು, ಮೂವತ್ತರ ಆಸುಪಾಸಿಗೆ ಬಂದವರು ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಇದ್ದಾರೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಓದಿದವರು. ಕಲ್ಪಾಕ್ಕಂ, ಮುಂಬೈ, ದೆಹಲಿಯ ಪ್ರಯೋಗಾಲಯಗಳಲ್ಲಿ ಪ್ರಾಜೆಕ್ಟ್ ಮಾಡಿ ಬಂದವರು. ಕಾಯಂ ಹುದ್ದೆಗೆ ಕಾಯುತ್ತ ಕೂತರೆ ವಯೋಮಿತಿ ದಾಟುತ್ತದೆ. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ಹೊಸ ಆದೇಶಕ್ಕೆ ಎದುರು ನೋಡುವುದು ಎಷ್ಟು ದಿನ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಇಂಥವರಿಗೆ ವೈದ್ಯಕೀಯ ಇಮೇಜಿಂಗ್ (ಎಕ್ಸ್‌-ರೇ, ಸಿ.ಟಿ., ಎಂಆರ್‌ಐಯಂಥ ಯಂತ್ರಗಳಿಂದ ದೇಹದ ಒಳಚಿತ್ರ ತೆಗೆಯುವ ಕ್ಷೇತ್ರ) ಒಳ್ಳೆಯ ದಾರಿ ಎಂದು ನಾನು ಮನಸಾರೆ ನಂಬುತ್ತೇನೆ. ನಾನು ಕೂಡ ಜರ್ಮೇನಿಯಂ ಡಿಟೆಕ್ಟರ್ ಮುಂದೆ ಗಾಮಾ ಕಿರಣ ಎಣಿಸುತ್ತಿದ್ದು, ಆಮೇಲೆ ಆಸ್ಪತ್ರೆಗೆ ಬಂದವನು.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಲಿತ ಭೌತಶಾಸ್ತ್ರ ಆಸ್ಪತ್ರೆಯಲ್ಲಿ ನೇರವಾಗಿ ಸಲ್ಲುತ್ತದೆ, ನಿಮ್ಮ ಪದವಿ ಸಲ್ಲುವುದಿಲ್ಲ. ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಇದ್ದರೂ ಅದೊಂದನ್ನೇ ಹಿಡಿದುಕೊಂಡು ಯಾರೂ ಮೆಡಿಕಲ್ ಫಿಸಿಸಿಸ್ಟ್, ಅಂದರೆ ಆಸ್ಪತ್ರೆಯ ವಿಕಿರಣ ಯಂತ್ರಗಳ ಅಳತೆ, ಡೋಸ್, ಸುರಕ್ಷತೆ ನೋಡಿಕೊಳ್ಳುವ ಭೌತವಿಜ್ಞಾನಿ, ಆಗಲಾರರು. ಈ ಅಂತರವನ್ನು ಮೊದಲೇ ತಿಳಿದವರು ಎರಡು ಮೂರು ವರ್ಷದಲ್ಲಿ ದಡ ಸೇರುತ್ತಾರೆ. ತಿಳಿಯದವರು ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತ, ಉತ್ತರ ಬಾರದೆ ಸೊರಗುತ್ತಾರೆ.

ಮೊದಲು: ನಿಮ್ಮ ಕೈಲಿ ಏನಿದೆ ಎಂದು ನೋಡಿಕೊಳ್ಳಿ

ಅಲನ್ ಕಾರ್ಮಾಕ್ ಎಂಬ ಭೌತವಿಜ್ಞಾನಿಯ ಕತೆಯನ್ನು ಈ ದಾರಿಗೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು. ಅವರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾಗಿದ್ದರು. ಆ ಊರಿನ ಗ್ರೂಟೆ ಸ್ಕೂರ್ ಆಸ್ಪತ್ರೆಯ ಫಿಸಿಸಿಸ್ಟ್ ಕೆಲಸ ಬಿಟ್ಟುಹೋದರು. ವಿಕಿರಣಶೀಲ ಐಸೊಟೋಪ್ ಬಳಸುವಾಗ ಅರ್ಹ ಭೌತವಿಜ್ಞಾನಿಯ ಮೇಲ್ವಿಚಾರಣೆ ಇರಲೇಬೇಕೆಂದು ಅಲ್ಲಿಯ ಕಾನೂನು. ಊರಿನಲ್ಲಿದ್ದ ನ್ಯೂಕ್ಲಿಯರ್ ಫಿಸಿಸಿಸ್ಟ್ ಕಾರ್ಮಾಕ್ ಒಬ್ಬರೇ. ಹಾಗಾಗಿ 1956ರ ಮೊದಲ ಆರು ತಿಂಗಳು ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆಯ ಲೆಕ್ಕ ಹಾಕುವಾಗ ಇಡೀ ದೇಹ ಒಂದೇ ವಸ್ತುವಿನಿಂದ ಆಗಿದೆ ಎಂಬಂತೆ ಎಣಿಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಮೂಳೆ ಬೇರೆ, ಶ್ವಾಸಕೋಶ ಬೇರೆ, ಸ್ನಾಯು ಬೇರೆ. ಒಳಗೆ ಎಲ್ಲೆಲ್ಲಿ ಕಿರಣ ಎಷ್ಟೆಷ್ಟು ಹೀರಿಕೆಯಾಗುತ್ತದೆ ಎಂಬುದನ್ನು ಹೊರಗಿನ ಅಳತೆಗಳಿಂದಲೇ ಕಂಡುಹಿಡಿಯಬಹುದೇ ಎಂದು ಯೋಚಿಸಿದರು.

1957ರಲ್ಲಿ ಕೋಬಾಲ್ಟ್-60 ಮೂಲ, ಗೈಗರ್ ಕೌಂಟರ್, ಮರದ ಬಳೆಯೊಳಗೆ ಕೂರಿಸಿದ ಅಲ್ಯೂಮಿನಿಯಂ ಬಿಲ್ಲೆ, ಇಷ್ಟನ್ನೇ ಇಟ್ಟುಕೊಂಡು ಪ್ರಯೋಗ ಮಾಡಿದರು. ಬಿಲ್ಲೆಯ ನಡುವೆ ಅಳತೆ ತುಸು ಬೇರೆ ಬಂತು. ವಿಚಾರಿಸಿದಾಗ, ನಡುವಿನ ಚೂರು ಶುದ್ಧ ಅಲ್ಯೂಮಿನಿಯಂ, ಸುತ್ತಲಿನದು ಮಿಶ್ರಲೋಹ ಎಂದು ತಿಳಿಯಿತು. ತಾವೇ ಅರಿಯದಿದ್ದ ವ್ಯತ್ಯಾಸವನ್ನು ಅವರ ವಿಧಾನ ಹಿಡಿದುಕೊಟ್ಟಿತ್ತು. 1963 ಮತ್ತು 1964ರಲ್ಲಿ ಪ್ರಕಟಿಸಿದ ಲೇಖನಗಳನ್ನು ಹೆಚ್ಚಿನವರು ಗಮನಿಸಲಿಲ್ಲ. ಇಂಗ್ಲೆಂಡಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ತಮ್ಮದೇ ದಾರಿಯಲ್ಲಿ ಯಂತ್ರ ಕಟ್ಟಿ, 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮಿದುಳಿನ ಸಿ.ಟಿ. ಸ್ಕ್ಯಾನ್ ಮಾಡಿದರು. 1979ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸೇರಿ ಬಂತು. ಕಾರ್ಮಾಕ್‌ಗೆ ಪಿಎಚ್.ಡಿ. ಕೂಡ ಇರಲಿಲ್ಲ.

ಈಗ ನಿಮ್ಮ ವಿಷಯ. ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆಯಿರಿ. ಎಡಗಡೆ ನೀವು ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿದ್ದನ್ನು ಬರೆಯಿರಿ, ಬಲಗಡೆ ಆಸ್ಪತ್ರೆಯಲ್ಲಿ ಅದರ ಜಾಗ ಯಾವುದು ಎಂಬುದನ್ನು. ಸೋಡಿಯಂ ಅಯೊಡೈಡ್ ಡಿಟೆಕ್ಟರ್‌ನಲ್ಲಿ ಕೆಲಸ ಮಾಡಿದ್ದರೆ ರೋಗಿಗೆ ಕೊಟ್ಟ ವಿಕಿರಣಶೀಲ ಔಷಧದಿಂದ ಹೊರಡುವ ಕಿರಣ ಹಿಡಿದು ಚಿತ್ರ ಕಟ್ಟುವ ಗಾಮಾ ಕ್ಯಾಮೆರಾದ ಹೃದಯ ನಿಮಗೆ ಗೊತ್ತು: ಥ್ಯಾಲಿಯಂ ಬೆರೆಸಿದ ಅದೇ ಹರಳು, ಅದರ ಬೆನ್ನಿಗೆ ಫೋಟೊಮಲ್ಟಿಪ್ಲೈಯರ್ ಟ್ಯೂಬ್‌ಗಳು, ಮುಂದೆ ಸೀಸದ ಕೊಲಿಮೇಟರ್. ಎರಡು ಡಿಟೆಕ್ಟರ್ ಇಟ್ಟು ಕೋಇನ್ಸಿಡೆನ್ಸ್ (ಎರಡರಲ್ಲೂ ಒಂದೇ ಕ್ಷಣಕ್ಕೆ ಬಂದ ಸಂಕೇತ) ಅಳೆದಿದ್ದರೆ ಪೆಟ್ ಸ್ಕ್ಯಾನರ್‌ನ ತತ್ವ ನಿಮಗೆ ಹೊಸದಲ್ಲ. ಪಾಸಿಟ್ರಾನ್ ಅಳಿದಾಗ ಹುಟ್ಟುವ ಎರಡು 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಫೋಟಾನ್‌ಗಳನ್ನು ಎದುರುಬದುರು ಹಿಡಿಯುವುದೇ ಅಲ್ಲಿಯ ಕೆಲಸ. ಕಣಗಳು ವಸ್ತುವಿನೊಳಗೆ ಸಾಗುವುದನ್ನು ಲೆಕ್ಕ ಹಾಕುವ ಜಿಯಂಟ್-4ರಲ್ಲಿ ಸಿಮ್ಯುಲೇಶನ್ ಬರೆದಿದ್ದರೆ, ಅದರ ಮೇಲೆಯೇ ಕಟ್ಟಿದ ಗೇಟ್ ಎಂಬ ತಂತ್ರಾಂಶ ಪೆಟ್ ಮತ್ತು ಸ್ಪೆಕ್ಟ್ (ಗಾಮಾ ಕ್ಯಾಮೆರಾವನ್ನು ರೋಗಿಯ ಸುತ್ತ ತಿರುಗಿಸಿ ಮೂರು ಆಯಾಮದ ಚಿತ್ರ ಕಟ್ಟುವುದು) ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಎನ್‌ಎಂಆರ್ (ಬೀಜಕೇಂದ್ರಗಳ ಕಾಂತೀಯ ಅನುರಣನ) ಗೊತ್ತಿದ್ದರೆ ಎಂಆರ್‌ಐಯ ಬುಡ ಗೊತ್ತಿದ್ದಂತೆ.

ಆದರೆ ಎರಡು ಅಭ್ಯಾಸಗಳು ಬದಲಾಗಬೇಕು. ಜರ್ಮೇನಿಯಂ ಡಿಟೆಕ್ಟರ್‌ನಲ್ಲಿ 1332 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ಎರಡು ಕಿಲೋ ಎಲೆಕ್ಟ್ರಾನ್ ವೋಲ್ಟ್ ಅಗಲದ ಗೆರೆ ನೋಡಿ ಪಳಗಿದ ಕಣ್ಣಿಗೆ ಗಾಮಾ ಕ್ಯಾಮೆರಾದ ಸ್ಪೆಕ್ಟ್ರಮ್ ಒರಟಾಗಿ ಕಾಣುತ್ತದೆ. ಅಲ್ಲಿ ಬಳಸುವ ಟೆಕ್ನೀಷಿಯಂ-99ಎಂನ 140 ಕಿಲೋ ಎಲೆಕ್ಟ್ರಾನ್ ವೋಲ್ಟ್ ಸುತ್ತ 20 ಶೇಕಡಾ ಕಿಟಕಿ, ಅಂದರೆ 126ರಿಂದ 154ರವರೆಗೆ ಬಂದದ್ದೆಲ್ಲ ಲೆಕ್ಕಕ್ಕೆ. ಇದೆಂಥ ಅಳತೆ ಎಂದು ಮೂಗು ಮುರಿಯಬೇಡಿ. ದೊಡ್ಡ ಹರಳು, ಹೆಚ್ಚು ಎಣಿಕೆ, ಕಡಿಮೆ ಸಮಯ ಆ ಕೆಲಸಕ್ಕೆ ಮುಖ್ಯ. ಎರಡನೆಯದು ಇನ್ನೂ ದೊಡ್ಡದು. ಪ್ರಯೋಗಾಲಯದಲ್ಲಿ ಎಣಿಕೆ ಸಾಲದಿದ್ದರೆ ರಾತ್ರಿಯಿಡೀ ಓಡಿಸುತ್ತಿದ್ದೆವು. ಇಲ್ಲಿ ಮಲಗಿರುವುದು ಮನುಷ್ಯ. ಬೆನ್ನು ನೋವಿನವರು, ಕೆಮ್ಮುವವರು, ಅಳುವ ಮಗು. ಚಿತ್ರದ ಗದ್ದಲವನ್ನು (ನಾಯ್ಸ್) ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಎಣಿಕೆ ಬೇಕು ಎಂಬುದು ನಿಮಗೆ ಬಾಯಿಪಾಠ. ಆಸ್ಪತ್ರೆಯಲ್ಲಿ ಆ ನಾಲ್ಕು ಪಟ್ಟು ಎಂದರೆ ಒಂದು ದೇಹಕ್ಕೆ ನಾಲ್ಕು ಪಟ್ಟು ವಿಕಿರಣ, ಇಲ್ಲವೇ ಆ ದೇಹ ನಾಲ್ಕು ಪಟ್ಟು ಹೊತ್ತು ಅಲುಗಾಡದೆ ಮಲಗಬೇಕು. ಚಂದದ ಚಿತ್ರ ಬೇಕಿಲ್ಲ. ವೈದ್ಯರ ಪ್ರಶ್ನೆಗೆ ಉತ್ತರ ಕೊಡುವಷ್ಟು ಚಿತ್ರ ಸಾಕು. ಇಮೇಜಿಂಗ್ ಫಿಸಿಕ್ಸ್‌ನ ಮುಕ್ಕಾಲು ಭಾಗ ಈ ತೂಗಾಟವೇ.

ಆಮೇಲೆ: ಯಾವ ಬಾಗಿಲು ಎಂದು ನಿರ್ಧರಿಸಿ

ಇಮೇಜಿಂಗ್ ಎಂಬುದು ಒಂದೇ ಕೆಲಸವಲ್ಲ. ನಮ್ಮ ದೇಶದಲ್ಲಿ ಮೆಡಿಕಲ್ ಫಿಸಿಸಿಸ್ಟ್ ಹುದ್ದೆಗಳಲ್ಲಿ ಬಹುಪಾಲು ಇರುವುದು ಕ್ಯಾನ್ಸರ್ ವಿಕಿರಣ ಚಿಕಿತ್ಸೆಯ ವಿಭಾಗದಲ್ಲಿ. ಬರೀ ಎಕ್ಸ್‌-ರೇ, ಸಿ.ಟಿ. ವಿಭಾಗಕ್ಕೆಂದೇ ಫಿಸಿಸಿಸ್ಟ್ ಇಟ್ಟುಕೊಳ್ಳುವ ಆಸ್ಪತ್ರೆಗಳು ಕಡಿಮೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಾಗೆಂದು ಬೇಸರ ಬೇಡ. ವಿಕಿರಣ ಚಿಕಿತ್ಸೆಯ ಯೋಜನೆ ಇಂದು ಸಿ.ಟಿ. ಚಿತ್ರದ ಮೇಲೆಯೇ ನಿಂತಿದೆ. ಎಂಆರ್‌ಐ, ಪೆಟ್ ಚಿತ್ರಗಳನ್ನು ಅದರ ಮೇಲೆ ಹೊಂದಿಸಿ ಗಡ್ಡೆಯ ಅಂಚು ಗುರುತಿಸುತ್ತಾರೆ. ಚಿಕಿತ್ಸೆ ಕೊಡುವ ಯಂತ್ರದಲ್ಲೇ ಸಿ.ಟಿ. ತೆಗೆದು ರೋಗಿ ನಿನ್ನೆಯ ಜಾಗದಲ್ಲೇ ಮಲಗಿದ್ದಾರೆಯೇ ಎಂದು ನೋಡುತ್ತಾರೆ. ಆ ಬಾಗಿಲಿನಿಂದ ಒಳಗೆ ಹೋದವರೂ ದಿನವಿಡೀ ಚಿತ್ರಗಳ ಜೊತೆಯೇ ಇರುತ್ತಾರೆ.

ವಿಕಿರಣಶೀಲ ಔಷಧ ಕೊಟ್ಟು ಚಿತ್ರ ತೆಗೆಯುವ, ಚಿಕಿತ್ಸೆ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ಎರಡನೆಯ ಬಾಗಿಲು. ನ್ಯೂಕ್ಲಿಯರ್ ಹಿನ್ನೆಲೆಯವರಿಗೆ ಮನಸ್ಸು ಎಳೆಯುವುದು ಇದೇ. ಅಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ಮೂರನೆಯದು ಕಂಪನಿಗಳು. ಜಿಇ, ಸೀಮೆನ್ಸ್, ಫಿಲಿಪ್ಸ್ ಮೂರೂ ಬೆಂಗಳೂರಿನಲ್ಲಿ ವೈದ್ಯಕೀಯ ಯಂತ್ರಗಳ ತಂತ್ರಾಂಶ ಮತ್ತು ವಿನ್ಯಾಸದ ಕೆಲಸ ಮಾಡುತ್ತವೆ. ಡಿಟೆಕ್ಟರ್, ಇಮೇಜ್ ರೀಕನ್‌ಸ್ಟ್ರಕ್ಷನ್, ಎಂಆರ್ ಸೀಕ್ವೆನ್ಸ್ ಕೆಲಸಗಳಿಗೆ ಮೆಡಿಕಲ್ ಫಿಸಿಸಿಸ್ಟ್ ಅರ್ಹತೆಯ ಕಟ್ಟುಪಾಡಿಲ್ಲ; ನಿಮ್ಮ ಪಿಎಚ್.ಡಿ.ಗೆ ಅಲ್ಲಿ ನೇರ ಬೆಲೆ ಇದೆ. ಆದರೆ ಕೋಡ್ ಬರೆಯಲು ಚೆನ್ನಾಗಿ ಬರಬೇಕು. ನಾಲ್ಕನೆಯದು ಸಂಶೋಧನೆ: ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್‌ನಂಥ ಕಡೆ ಪೋಸ್ಟ್ ಡಾಕ್ಟರಲ್ ಕೆಲಸ. ಇದರಲ್ಲಿ ತೃಪ್ತಿ ಇದೆ, ಭದ್ರತೆ ಕಡಿಮೆ.

ಎಂಆರ್‌ಐ ಮೇಲೆ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಅಲ್ಲಿ ಅಯಾನೀಕರಿಸುವ ವಿಕಿರಣ ಇಲ್ಲದ ಕಾರಣ ಸುರಕ್ಷತಾ ಅಧಿಕಾರಿಯ ಹುದ್ದೆ ಕಾನೂನಿನಿಂದ ಹುಟ್ಟುವುದಿಲ್ಲ. ಕಂಪನಿ ಅಥವಾ ಸಂಶೋಧನೆಯೇ ದಾರಿ. ಅಲ್ಟ್ರಾಸೌಂಡ್ ಕಡೆ ಒಲವಿದ್ದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿ ಮತ್ತು ಪಿಎನ್‌ಡಿಟಿ ಕಾಯ್ದೆಯನ್ನು ಮೊದಲು ಓದಿ. ನೋಂದಣಿಯಿಲ್ಲದೆ ಆ ಯಂತ್ರ ಇಟ್ಟುಕೊಳ್ಳುವಂತಿಲ್ಲ.

ಕಾಗದಪತ್ರ: ಇಲ್ಲಿ ನಿಧಾನಿಸಿ

ಆಸ್ಪತ್ರೆಯ ಬಾಗಿಲು ಆರಿಸಿದವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳನ್ನು ಓದಲೇಬೇಕು. ಎಲ್ಲರೂ ಎಇಆರ್‌ಬಿ ಎನ್ನುವ ಈ ಮಂಡಳಿ 1983ರ ನವೆಂಬರ್‌ನಲ್ಲಿ ಸ್ಥಾಪನೆಯಾಯಿತು, ಕಚೇರಿ ಮುಂಬೈಯಲ್ಲಿ. ಮೆಡಿಕಲ್ ಫಿಸಿಸಿಸ್ಟ್ ಆಗಲು ಅದು ಒಪ್ಪುವ ದಾರಿ ಮುಖ್ಯವಾಗಿ ಎರಡು.

ಮೊದಲನೆಯದು ಭೌತಶಾಸ್ತ್ರ ಎಂ.ಎಸ್ಸಿ. ಆದವರಿಗೆ. ಅದರ ಮೇಲೆ ರೇಡಿಯೊಲಾಜಿಕಲ್ ಫಿಸಿಕ್ಸ್‌ನಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ, ಆಮೇಲೆ ಸುಸಜ್ಜಿತ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್. ಈ ಡಿಪ್ಲೊಮಾವನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರ 1962ರಿಂದ ನಡೆಸುತ್ತ ಬಂದಿದೆ. ಇದನ್ನು ಎಲ್ಲರೂ ಡಿಪ್‌ಆರ್‌ಪಿ ಎಂದೇ ಕರೆಯುತ್ತಾರೆ. ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ಇರುತ್ತವೆ. ಬಿ.ಎಸ್ಸಿ., ಎಂ.ಎಸ್ಸಿ. ಎರಡರಲ್ಲೂ ಸಾಮಾನ್ಯವಾಗಿ ಶೇ 60 ಅಂಕ ಕೇಳುತ್ತಾರೆ, ಪಿಎಚ್.ಡಿ. ಎಷ್ಟೇ ಚೆನ್ನಾಗಿದ್ದರೂ ಬಿ.ಎಸ್ಸಿ.ಯ ಅಂಕಪಟ್ಟಿ ತಡೆಯೊಡ್ಡಬಹುದು. ಹಳೆಯ ಅಂಕಪಟ್ಟಿಗಳನ್ನು ಇಂದೇ ತೆಗೆದು ನೋಡಿ. ನ್ಯೂಕ್ಲಿಯರ್ ಸಂಶೋಧನೆ ಮಾಡಿದವರಿಗೆ ನಾನು ಸೂಚಿಸುವ ಮೊದಲ ದಾರಿ ಇದೇ. ಡಿಪ್ಲೊಮಾ ಒಂದು ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಒಟ್ಟು ಎರಡು.

ಎರಡನೆಯದು ಮೆಡಿಕಲ್ ಫಿಸಿಕ್ಸ್ ಅಥವಾ ರೇಡಿಯೇಷನ್ ಫಿಸಿಕ್ಸ್‌ನಲ್ಲೇ ಎರಡು ವರ್ಷದ ಎಂ.ಎಸ್ಸಿ., ಅದರ ಮೇಲೆ ಅದೇ ಇಂಟರ್ನ್‌ಶಿಪ್. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಮುಖ್ಯ ವಿಷಯವಾಗಿರಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ, ಮಣಿಪಾಲ ಇಂಥ ಕೋರ್ಸ್‌ಗೆ ಹೆಸರಾದ ಕಡೆಗಳು; ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲೂ ಇದೆ. ಈಗಾಗಲೇ ಒಂದು ಎಂ.ಎಸ್ಸಿ. ಇರುವವರು ಇನ್ನೊಂದು ಎಂ.ಎಸ್ಸಿ. ಮಾಡುವುದೇ ಎಂದು ಮನೆಯವರು ಕೇಳುತ್ತಾರೆ. ಡಿಪ್‌ಆರ್‌ಪಿ ಸೀಟು ಸಿಗದಿದ್ದರೆ ಅದರಲ್ಲಿ ಅವಮಾನವೇನೂ ಇಲ್ಲ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ತಮ್ಮ ತಂಗಿಯರಿಗಂತೂ ನೇರವಾಗಿ ಇದೇ ದಾರಿ ಹಿಡಿಯಿರಿ ಎನ್ನುತ್ತೇನೆ.

ಹೊರದೇಶದ ಒಂದು ದಾರಿ ತಿಳಿದಿರಲಿ. ಇಟಲಿಯ ಟ್ರಿಯೆಸ್ಟೆಯಲ್ಲಿ ಅಬ್ದುಸ್ ಸಲಾಂ ಹೆಸರಿನ ಭೌತಶಾಸ್ತ್ರ ಕೇಂದ್ರ ಮತ್ತು ಅಲ್ಲಿಯ ವಿಶ್ವವಿದ್ಯಾಲಯ ಸೇರಿ ಮೆಡಿಕಲ್ ಫಿಸಿಕ್ಸ್‌ನಲ್ಲಿ ಎರಡು ವರ್ಷದ ಮಾಸ್ಟರ್ಸ್ ನಡೆಸುತ್ತವೆ. ಅಭಿವೃದ್ಧಿಶೀಲ ದೇಶಗಳವರಿಗೆ ವಿದ್ಯಾರ್ಥಿವೇತನದ ಅವಕಾಶವಿದೆ, ಎರಡನೆಯ ವರ್ಷ ಆಸ್ಪತ್ರೆಯಲ್ಲೇ ತರಬೇತಿ. ಮರಳಿ ಬಂದು ಇಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಹೊರಡುವ ಮುಂಚೆಯೇ ಎಇಆರ್‌ಬಿಗೆ ಬರೆದು, ಆ ಪದವಿ ಇಲ್ಲಿ ಹೇಗೆ ಪರಿಗಣನೆಗೆ ಬರುತ್ತದೆ ಎಂದು ಲಿಖಿತ ಉತ್ತರ ಪಡೆದುಕೊಳ್ಳಿ.

ಯಾವ ಕಾಲೇಜಿಗೂ ಫೀಸು ಕಟ್ಟುವ ಮುನ್ನ ಒಂದು ಕೆಲಸ ಕಡ್ಡಾಯ. ಆ ಕೋರ್ಸ್ ಮುಗಿಸಿದವರನ್ನು ಎಇಆರ್‌ಬಿ ಮೆಡಿಕಲ್ ಫಿಸಿಸಿಸ್ಟ್ ಎಂದು ಒಪ್ಪುತ್ತದೆಯೇ ಎಂಬುದನ್ನು ಮಂಡಳಿಯ ಜಾಲತಾಣದಲ್ಲೇ ನೋಡಿ. ಇಮೇಜಿಂಗ್ ಟೆಕ್ನಾಲಜಿ, ರೇಡಿಯಾಲಜಿ ಸೈನ್ಸ್ ಎಂಬ ಹೆಸರಿನ ಕೋರ್ಸ್‌ಗಳು ಟೆಕ್ನಾಲಜಿಸ್ಟ್ ಆಗುವವರಿಗೆ. ಅದು ಬೇರೆ ವೃತ್ತಿ, ಗೌರವದ ವೃತ್ತಿ, ಆದರೆ ನೀವು ಹುಡುಕುತ್ತಿರುವುದು ಅದಲ್ಲ. ಕಾಲೇಜಿನವರ ಬಾಯಿಮಾತು, ಹೊಳೆಯುವ ಕರಪತ್ರ ಇವನ್ನು ನಂಬಿ ಎರಡು ವರ್ಷ ಕಳೆದುಕೊಂಡವರನ್ನು ನೋಡಿ ನನಗೆ ನೋವಾಗಿದೆ.

2021ರಲ್ಲಿ ಬಂದ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮೆಡಿಕಲ್ ಫಿಸಿಸಿಸ್ಟ್ ಅನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅದರ ಅಡಿಯ ನೋಂದಣಿಯ ಕಡೆಗೂ ಗಮನವಿರಲಿ.

ಓದಿನ ಕೊರತೆ ತುಂಬಿಕೊಳ್ಳಿ

ನಿಮಗೆ ಗೊತ್ತಿಲ್ಲದ್ದು ಭೌತಶಾಸ್ತ್ರವಲ್ಲ, ದೇಹ. ಅಂಗರಚನೆ ಮತ್ತು ಶರೀರಕ್ರಿಯೆಯಿಂದ ಆರಂಭಿಸಿ. ನರ್ಸಿಂಗ್ ವಿದ್ಯಾರ್ಥಿಗಳು ಓದುವ ಮಟ್ಟದ ಪುಸ್ತಕ ಸಾಕು. ಎಂಬಿಬಿಎಸ್‌ನ ದಪ್ಪ ಪುಸ್ತಕ ಹಿಡಿದು ಧೈರ್ಯ ಕಳೆದುಕೊಳ್ಳಬೇಡಿ. ಅಡ್ಡಕೊಯ್ತದ ಸಿ.ಟಿ. ಚಿತ್ರದಲ್ಲಿ ಯಕೃತ್ತು, ಮೂತ್ರಪಿಂಡ, ಮಹಾಪಧಮನಿ, ಬೆನ್ನುಮೂಳೆ ಯಾವುದು ಎಂದು ಬೆರಳಿಟ್ಟು ತೋರಿಸಲು ಬರಬೇಕು. ಚಿತ್ರದ ಎಡಗಡೆ ಕಾಣುವುದು ರೋಗಿಯ ಬಲಗಡೆ ಎಂಬುದು ಮೊದಲ ವಾರ ಎಲ್ಲರನ್ನೂ ತಬ್ಬಿಬ್ಬು ಮಾಡುತ್ತದೆ. ಆಮೇಲೆ ರೇಡಿಯೊಬಯಾಲಜಿ: ವಿಕಿರಣ ಜೀವಕೋಶಕ್ಕೆ ಏನು ಮಾಡುತ್ತದೆ, ಹೀರಿದ ಶಕ್ತಿ ಅಳೆಯುವ ಗ್ರೇ ಮತ್ತು ಅಪಾಯ ಅಂದಾಜಿಸುವ ಸೀವರ್ಟ್ ಯಾವಾಗ ಯಾವುದನ್ನು ಬಳಸಬೇಕು. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಡಯಾಗ್ನೊಸ್ಟಿಕ್ ರೇಡಿಯಾಲಜಿ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ಫಿಸಿಕ್ಸ್ ಕುರಿತ ದೊಡ್ಡ ಕೈಪಿಡಿಗಳನ್ನು ಉಚಿತವಾಗಿ ಕೊಡುತ್ತದೆ. ಪುಸ್ತಕಕ್ಕೆ ಹಣವಿಲ್ಲ ಎಂಬ ಚಿಂತೆ ಈ ವಿಷಯದಲ್ಲಿ ಬೇಡ.

ಒಂದು ಅಭ್ಯಾಸವನ್ನು ತಪ್ಪದೆ ಮಾಡಿ. ಪೈಥಾನ್‌ನಲ್ಲಿ ಶೆಪ್-ಲೋಗನ್ ಫ್ಯಾಂಟಮ್ ಎಂಬ ಕೃತಕ ತಲೆಯ ಚಿತ್ರ ತೆಗೆದುಕೊಂಡು ಅದರ ರೇಡಾನ್ ಟ್ರಾನ್ಸ್‌ಫಾರ್ಮ್ ಮಾಡಿ, ಅಂದರೆ ಬೇರೆ ಬೇರೆ ಕೋನಗಳಿಂದ ಅದರ ನೆರಳು (ಪ್ರೊಜೆಕ್ಷನ್) ಲೆಕ್ಕ ಹಾಕಿ, ಆ ಪ್ರೊಜೆಕ್ಷನ್‌ಗಳಿಂದ ಚಿತ್ರವನ್ನು ಮತ್ತೆ ಕಟ್ಟಿ. ಮೊದಲು ಫಿಲ್ಟರ್ ಇಲ್ಲದೆ, ಆಮೇಲೆ ಫಿಲ್ಟರ್ ಹಾಕಿ. ಪ್ರೊಜೆಕ್ಷನ್‌ಗಳ ಸಂಖ್ಯೆಯನ್ನು 180ರಿಂದ 20ಕ್ಕೆ ಇಳಿಸಿ ನೋಡಿ. ಪಾಯ್ಸಾನ್ ಗದ್ದಲ ಬೆರೆಸಿ ನೋಡಿ. ಒಂದು ವಾರದ ಈ ಕೆಲಸ ಸಿ.ಟಿ.ಯ ಬಗ್ಗೆ ಕಲಿಸುವಷ್ಟನ್ನು ಹತ್ತು ಉಪನ್ಯಾಸ ಕಲಿಸುವುದಿಲ್ಲ. ಯೋಹಾನ್ ರೇಡಾನ್ ಈ ಗಣಿತವನ್ನು 1917ರಲ್ಲೇ ಬರೆದಿಟ್ಟಿದ್ದರು. ಕಾರ್ಮಾಕ್‌ಗೆ ಅದು ಗೊತ್ತಿರಲಿಲ್ಲ, ತಾವೇ ಹೊಸದಾಗಿ ಕಂಡುಕೊಂಡರು. ಗಣಿತ ವಿಭಾಗದವರ ಜೊತೆ ಮಾತಾಡುವ ಅಭ್ಯಾಸವನ್ನು ನೀವಾದರೂ ಇಟ್ಟುಕೊಳ್ಳಿ. ಮುಂದಿನ ಹಂತದಲ್ಲಿ, ಹೆಸರು ಅಳಿಸಿದ ರೋಗಿಗಳ ಕ್ಯಾನ್ಸರ್ ಚಿತ್ರಗಳು ಸಾರ್ವಜನಿಕ ಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನು ಇಳಿಸಿಕೊಂಡು ವೈದ್ಯಕೀಯ ಚಿತ್ರಗಳನ್ನು ಇಡುವ ಡೈಕಾಮ್ ಕಡತ ತೆರೆಯುವುದು, ಸಿ.ಟಿ. ಚಿತ್ರದ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000 ಬರುತ್ತದೆಯೇ ಎಂದು ಪರೀಕ್ಷಿಸುವುದು ಕಲಿಯಿರಿ.

ಊರಿನ ಆಸ್ಪತ್ರೆಯೊಳಗೆ ಕಾಲಿಡಿ

ದಾವಣಗೆರೆಯ ಅನುಕೂಲವೆಂದರೆ ಊರು ಸಣ್ಣದು, ಆಸ್ಪತ್ರೆಗಳು ದೊಡ್ಡವು. ಜೆಜೆಎಂ ವೈದ್ಯಕೀಯ ಕಾಲೇಜು, ಅದರ ವಿದ್ಯಾರ್ಥಿಗಳು ಕಲಿಯುವ ಬಾಪೂಜಿ ಮತ್ತು ಚಿಗಟೇರಿ ಜಿಲ್ಲಾ ಆಸ್ಪತ್ರೆ, ಇನ್ನೊಂದು ಕಡೆ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು, ಜಿಲ್ಲಾ ಆಸ್ಪತ್ರೆ. ಹರಿಹರ, ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ, ಚಳ್ಳಕೆರೆಯಿಂದ ಬರುವ ರೋಗಿಗಳು ಈ ರೇಡಿಯಾಲಜಿ ವಿಭಾಗಗಳ ಮುಂದೆ ಕೂತಿರುತ್ತಾರೆ. ಕೋರ್ಸಿಗೆ ಸೇರುವ ಮುನ್ನ ಕೆಲವು ದಿನ ಅಲ್ಲಿ ಸುಮ್ಮನೆ ನೋಡುತ್ತ ನಿಲ್ಲುವುದು ನಿಮ್ಮ ನಿರ್ಧಾರವನ್ನು ಗಟ್ಟಿ ಮಾಡುತ್ತದೆ, ಇಲ್ಲವೇ ಬದಲಿಸುತ್ತದೆ. ಎರಡೂ ಒಳ್ಳೆಯದೇ.

ಪರಿಚಯದವರ ಮೂಲಕ ಹಿಂಬಾಗಿಲಿನಿಂದ ಹೋಗಬೇಡಿ. ನಿಮ್ಮ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ವಿಭಾಗದ ಮುಖ್ಯಸ್ಥರಿಂದ ಪತ್ರ ತೆಗೆದುಕೊಂಡು ರೇಡಿಯಾಲಜಿ ವಿಭಾಗದ ಮುಖ್ಯಸ್ಥರನ್ನು ಮಧ್ಯಾಹ್ನದ ಮೇಲೆ ಕಾಣಿ. ಬೆಳಿಗ್ಗೆ ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಕೇಳುವುದನ್ನು ಚಿಕ್ಕದಾಗಿ ಕೇಳಿ: "ಮೇಡಂ, ಬೆಳಿಗ್ಗೆ ಯಂತ್ರದ ಕ್ಯಾಲಿಬ್ರೇಶನ್ ಹೇಗೆ ಮಾಡುತ್ತಾರೆ, ಫ್ಯಾಂಟಮ್ ಟೆಸ್ಟ್ ಹೇಗೆ ನಡೆಯುತ್ತದೆ, ಅಷ್ಟನ್ನು ಕನ್ಸೋಲ್ ಕೋಣೆಯಿಂದ ನೋಡಲು ಅನುಮತಿ ಬೇಕು." (ಇಲ್ಲಿ ಫ್ಯಾಂಟಮ್ ಎಂದರೆ ರೋಗಿಯ ಬದಲಿಗೆ ಇಟ್ಟು ಯಂತ್ರ ಪರೀಕ್ಷಿಸುವ ಕೃತಕ ವಸ್ತು.) ವಿಕಿರಣ ಹೊರಡುವಾಗ ಯಂತ್ರವಿರುವ ಕೋಣೆಯೊಳಗೆ ನಿಲ್ಲುವ ಪ್ರಶ್ನೆಯೇ ಇಲ್ಲ. ಫೋನಿನಲ್ಲಿ ಚಿತ್ರ ತೆಗೆಯಬೇಡಿ. ಪರದೆಯ ಮೇಲೆ ಕಂಡ ಹೆಸರು ನಿಮ್ಮೂರಿನವರದ್ದಾದರೆ ಅಲ್ಲೇ ಮರೆತುಬಿಡಿ. ನಮ್ಮ ಕಡೆ ಇದು ಬಹಳ ಮುಖ್ಯ, ಏಕೆಂದರೆ ಸಂಜೆಯೊಳಗೆ ಸುದ್ದಿ ಸಂತೆಗೆ ಮುಟ್ಟುತ್ತದೆ.

ಟೆಕ್ನಾಲಜಿಸ್ಟ್‌ಗಳನ್ನು ಗುರುಗಳೆಂದೇ ತಿಳಿಯಿರಿ. ಪಿಎಚ್.ಡಿ. ಇಲ್ಲದ ಅವರಿಗೆ, ನಿಮಗೆ ಗೊತ್ತಿಲ್ಲದ ನೂರು ಸಂಗತಿ ಗೊತ್ತಿರುತ್ತವೆ: ಕಿವುಡಾದ ಅಜ್ಜನಿಗೆ ಉಸಿರು ಹಿಡಿಯಲು ಹೇಗೆ ಹೇಳಬೇಕು, ಹೊಟ್ಟೆನೋವಿನ ಹುಡುಗಿಯನ್ನು ಎಷ್ಟು ನಯವಾಗಿ ಕೇಳಿ ಗರ್ಭಿಣಿಯೇ ಎಂದು ತಿಳಿಯಬೇಕು. ರೋಗಿಗಳು ಬಿಳಿ ಕೋಟು ಕಂಡವರನ್ನೆಲ್ಲ ಕೇಳುತ್ತಾರೆ. "ಸಾ, ಇದ್ರಾಗೆ ಏನ್ ಕಾಣ್ತೈತಿ? ಗಂಟು ಐತಾ?" ಉತ್ತರ ಒಂದೇ: "ಡಾಕ್ಟ್ರು ನೋಡಿ ಹೇಳ್ತಾರೆ ಅಜ್ಜಾ, ನಾನು ಮಷೀನ್ ನೋಡ್ಕೊಳ್ಳೋನು." ಚಿತ್ರದಲ್ಲಿ ಗಡ್ಡೆ ನಿಮ್ಮ ಕಣ್ಣಿಗೇ ಕಂಡರೂ ರೋಗನಿರ್ಣಯ ನಿಮ್ಮ ಕೆಲಸವಲ್ಲ. ಆದರೆ ವಿಕಿರಣದ ಬಗ್ಗೆ ಕೇಳಿದರೆ ಸರಿಯಾದ ಉತ್ತರ ಕೊಡುವುದು ನಿಮ್ಮದೇ ಕೆಲಸ. ಎದೆಯ ಎಕ್ಸ್‌-ರೇ ಒಂದಕ್ಕೆ 0.1 ಮಿಲಿಸೀವರ್ಟ್‌ಗಿಂತ ಕಡಿಮೆ, ಹೊಟ್ಟೆಯ ಸಿ.ಟಿ.ಗೆ 8ರಿಂದ 10ರ ಆಸುಪಾಸು. ಭೂಮಿಯ ಮೇಲೆ ಸುಮ್ಮನೆ ಬದುಕಿದರೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಮೂಳೆ ಸ್ಕ್ಯಾನ್‌ಗೆ ಚುಚ್ಚುಮದ್ದು ತೆಗೆದುಕೊಂಡ ತಾಯಿಗೆ "ನೀರು ಜಾಸ್ತಿ ಕುಡಿಯಮ್ಮ, ಇವತ್ತೊಂದಿನ ಕೂಸನ್ನ ಬಾಳ ಹೊತ್ತು ತೊಡೆ ಮ್ಯಾಲೆ ಕೂರಿಸ್ಕೋಬ್ಯಾಡ" ಎಂದು ಅವರ ಮಾತಿನಲ್ಲೇ ಹೇಳಬಲ್ಲ ಫಿಸಿಸಿಸ್ಟ್ ಆ ವಿಭಾಗಕ್ಕೆ ದೊಡ್ಡ ಆಸ್ತಿ.

ಊರಲ್ಲೇ ಕೆಲಸ ಸಿಗುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೂ ಭೌತಶಾಸ್ತ್ರದಿಂದಲೇ ಉತ್ತರ ಆರಂಭಿಸುತ್ತೇನೆ. ಪೆಟ್ ಸ್ಕ್ಯಾನ್‌ಗೆ ಬೇಕಾದ ಫ್ಲೋರಿನ್-18 ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕದಲ್ಲಿ ತಯಾರಾಗುತ್ತದೆ, ಅದರ ಅರ್ಧಾಯು 110 ನಿಮಿಷ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ವಾಹನಕ್ಕೆ ನಾಲ್ಕೂವರೆ ಗಂಟೆ ಹಿಡಿದರೆ ಹೊರಟಾಗ 100 ಇದ್ದ ಚಟುವಟಿಕೆ ಇಲ್ಲಿಗೆ ತಲುಪುವಾಗ 18. ಚಿತ್ರದುರ್ಗಕ್ಕೆ ಮೂರೂವರೆ ಗಂಟೆ ಎಂದರೆ 27. ಅಸಾಧ್ಯವಲ್ಲ, ಆದರೆ ದುಬಾರಿ. ತುಮಕೂರು ರಸ್ತೆಯಲ್ಲಿ ಟ್ರಾಫಿಕ್ ನಿಂತರೆ ಆ ದಿನದ ಕೊನೆಯ ರೋಗಿಗೆ ಡೋಸ್ ಉಳಿಯುವುದಿಲ್ಲ. ಗಾಮಾ ಕ್ಯಾಮೆರಾಕ್ಕೆ ಬೇಕಾದ ಟೆಕ್ನೀಷಿಯಂ-99ಎಂ ಹಾಗಲ್ಲ. ಅದರ ಅರ್ಧಾಯು ಬರೀ 6 ಗಂಟೆ, ಆದರೆ ಅದನ್ನು ಹೆರುವ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ. ಮಾಲಿಬ್ಡಿನಂ ತುಂಬಿದ ಜನರೇಟರ್ ಎಂಬ ಪಾತ್ರೆ ಬಂದರೆ ವಾರವಿಡೀ ದಿನವೂ ಹಸು ಕರೆದಂತೆ ಕರೆದುಕೊಳ್ಳಬಹುದು. ನಮ್ಮಂಥ ಊರುಗಳಿಗೆ ಗಾಮಾ ಕ್ಯಾಮೆರಾ ಮೊದಲು ಹೊಂದುವುದು ಇದೇ ಕಾರಣಕ್ಕೆ.

ಹಾಗಾಗಿ ಮೊದಲ ಕೆಲಸ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಕಡೆ ಎಂದೇ ಮನಸ್ಸು ಮಾಡಿಕೊಳ್ಳಿ. ಊರಿಗೆ ಮರಳುವ ಆಸೆ ಇರುವವರಿಗೆ ಸಿ.ಟಿ. ಮತ್ತು ಎಕ್ಸ್‌-ರೇ ಗುಣಮಟ್ಟ ಪರೀಕ್ಷೆಯ ಕಡೆ ಕಣ್ಣಿರಲಿ. ಪ್ರತಿ ರೋಗನಿರ್ಣಯ ಎಕ್ಸ್‌-ರೇ ಯಂತ್ರಕ್ಕೂ ನಿಯತಕಾಲಿಕ ಗುಣಮಟ್ಟ ಪರೀಕ್ಷೆ ಆಗಬೇಕು. ಜಗಳೂರಿನ ಸಣ್ಣ ನರ್ಸಿಂಗ್ ಹೋಮ್‌ಗೂ ಇದು ಬಿಟ್ಟದ್ದಲ್ಲ. ಎಇಆರ್‌ಬಿಯ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಯಂತ್ರದ ನೋಂದಣಿ, ಪರವಾನಗಿ, ವರದಿ ಎಲ್ಲ ನಡೆಯುತ್ತದೆ. ಈ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಕೆಲಸ ಕಲಿತವರಿಗೆ ಜಿಲ್ಲಾ ಕೇಂದ್ರಗಳಲ್ಲಿ ಬೇಡಿಕೆ ಇದೆ.

ಹಣದ ಮಾತನ್ನು ಮನೆಯಲ್ಲಿ ಮೊದಲೇ ಆಡಿ. ಇಂಟರ್ನ್‌ಶಿಪ್ ವರ್ಷದಲ್ಲಿ ಕೆಲವು ಕಡೆ ಸ್ಟೈಪೆಂಡ್ ಸಾಧಾರಣ, ಕೆಲವು ಕಡೆ ಇಲ್ಲವೇ ಇಲ್ಲ. ಅಡಿಕೆ, ಮೆಕ್ಕೆಜೋಳದ ದುಡ್ಡು ಬರುವ ಕಾಲ ನೋಡಿಕೊಂಡು ಮಗನ, ಮಗಳ ಓದಿಗೆ ಲೆಕ್ಕ ಹಾಕುವ ಮನೆಗಳು ನಮ್ಮವು. "ಅಪ್ಪಾಜಿ, ಇನ್ನೆರಡು ವರ್ಷ, ಆಮೇಲೆ ಕೈಗೆ ಲೈಸೆನ್ಸ್ ಇರೋ ವೃತ್ತಿ" ಎಂದು ಕಾಗದದ ಮೇಲೆ ತಿಂಗಳ ಖರ್ಚು ಬರೆದು ತೋರಿಸಿ. ಅತಿಥಿ ಉಪನ್ಯಾಸದ ಕೆಲಸವನ್ನು ಸೀಟು ಖಚಿತವಾಗುವ ತನಕ ಬಿಡಬೇಡಿ.

ಅರ್ಜಿ, ಸಂದರ್ಶನ

ನಿಮ್ಮ ಬಯೋಡೇಟಾದ ಮೊದಲ ಪುಟದಲ್ಲಿ ಪ್ರಬಂಧಗಳ ಪಟ್ಟಿ ಬೇಡ. "ಎ ಸಮಾನ 130 ವಲಯದ ಬೀಜಕೇಂದ್ರಗಳಲ್ಲಿ ಹೈ ಸ್ಪಿನ್ ಸ್ಥಿತಿಗಳ ಅಧ್ಯಯನ" ಎಂದು ಓದಿದರೆ ಆಂಕಾಲಜಿಸ್ಟ್‌ಗೆ ಏನೂ ತಿಳಿಯುವುದಿಲ್ಲ. "ಡಿಟೆಕ್ಟರ್ ಕ್ಯಾಲಿಬ್ರೇಶನ್, ಎಫಿಷಿಯೆನ್ಸಿ ಅಳತೆ, ಸೀಲ್ಡ್ ಮೂಲಗಳ ನಿರ್ವಹಣೆ, ಮಾಂಟೆ ಕಾರ್ಲೊ ಲೆಕ್ಕ, ಸರ್ವೆ ಮೀಟರ್ ಬಳಕೆ, ಟಿಎಲ್‌ಡಿ ಬ್ಯಾಡ್ಜ್ ಧರಿಸಿ ಕೆಲಸ ಮಾಡಿದ ಅನುಭವ" ಎಂದು ಬರೆಯಿರಿ. ಮೈಗೆ ಬಿದ್ದ ವಿಕಿರಣ ಅಳೆಯುವ ಆ ಬ್ಯಾಡ್ಜ್‌ನ ಡೋಸ್ ದಾಖಲೆಯನ್ನೂ ಹಳೆಯ ಸಂಸ್ಥೆಯಿಂದ ಕೇಳಿ ಪಡೆಯಿರಿ. ವಿಕಿರಣ ಕೆಲಸಗಾರರಿಗೆ ಐದು ವರ್ಷದಲ್ಲಿ ಒಟ್ಟು 100 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು ಎಂಬ ಮಿತಿ ನಮ್ಮಲ್ಲಿದೆ. ಹಿಂದಿನ ಲೆಕ್ಕ ಹೊಸ ಕೆಲಸಕ್ಕೂ ಜೊತೆಗೆ ಬರುತ್ತದೆ.

ಸಂದರ್ಶನದಲ್ಲಿ ಕಷ್ಟದ ಕ್ವಾಂಟಮ್ ಕೇಳುವುದಿಲ್ಲ. ಟೆಕ್ನೀಷಿಯಂನ 140 ಕಿಲೋ ಎಲೆಕ್ಟ್ರಾನ್ ವೋಲ್ಟ್ ಯಾಕೆ ಅನುಕೂಲ, ಅಯೊಡಿನ್-131 ನೆಲಕ್ಕೆ ಚೆಲ್ಲಿದರೆ ಮೊದಲ ಐದು ನಿಮಿಷ ಏನು ಮಾಡುತ್ತೀರಿ, ಸಿ.ಟಿ. ಆದಮೇಲೆ ತಾನು ಗರ್ಭಿಣಿ ಎಂದು ತಿಳಿದ ಮಹಿಳೆಗೆ ಏನು ಹೇಳುತ್ತೀರಿ, ಇಂಥವು. ಕೊನೆಯದಕ್ಕೆ ಉತ್ತರ: ಗಾಬರಿಪಡಿಸದೆ ವೈದ್ಯರ ಬಳಿ ಕಳುಹಿಸಿ, ಯಂತ್ರದ ದಾಖಲೆಯಿಂದ ಭ್ರೂಣಕ್ಕೆ ಬಿದ್ದ ಡೋಸ್ ಲೆಕ್ಕ ಹಾಕಿ ಲಿಖಿತವಾಗಿ ಕೊಡುವುದು. ಹೆಚ್ಚಿನ ಪರೀಕ್ಷೆಗಳಲ್ಲಿ ಆ ಲೆಕ್ಕ ಭಯಪಟ್ಟದ್ದಕ್ಕಿಂತ ಬಹಳ ಕಡಿಮೆ ಬರುತ್ತದೆ, ಮತ್ತು ಆ ಸಂಖ್ಯೆ ಒಂದು ಕುಟುಂಬ ಆತುರದ ನಿರ್ಧಾರ ತೆಗೆದುಕೊಳ್ಳದಂತೆ ತಡೆಯಬಲ್ಲದು.

ಇಂಟರ್ನ್‌ಶಿಪ್ ಮತ್ತು ಮೊದಲ ತಿಂಗಳುಗಳು

ಇಂಟರ್ನ್‌ಶಿಪ್‌ಗೆ ಜಾಗ ಆರಿಸುವಾಗ ಕಟ್ಟಡದ ಹೊಳಪು ನೋಡಬೇಡಿ. ಲೀನಿಯರ್ ಆಕ್ಸಿಲರೇಟರ್ (ಹೊರಗಿನಿಂದ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ), ಸಿ.ಟಿ. ಸಿಮ್ಯುಲೇಟರ್ (ಚಿಕಿತ್ಸೆಯ ಯೋಜನೆಗೆ ಚಿತ್ರ ತೆಗೆಯುವ ಸಿ.ಟಿ.), ಬ್ರಾಕಿಥೆರಪಿ (ವಿಕಿರಣ ಮೂಲವನ್ನು ಗಡ್ಡೆಯ ಬಳಿಯೇ ಇಡುವ ಚಿಕಿತ್ಸೆ), ಸಾಧ್ಯವಾದರೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ಹಾಗೂ ಕಲಿಸಲು ಮನಸ್ಸಿರುವ ಹಿರಿಯ ಫಿಸಿಸಿಸ್ಟ್ ಇರುವ ಕಡೆ ಹೋಗಿ. ಬರೀ ಚಿಕಿತ್ಸಾ ಯೋಜನೆ ಮಾಡಿಸಿ ಸಂಜೆ ಕಳುಹಿಸುವವರಿದ್ದರೆ, ಇಮೇಜಿಂಗ್ ವಿಭಾಗಕ್ಕೆ ವಾರಕ್ಕೊಮ್ಮೆ ಹೋಗಲು ನೀವೇ ಕೇಳಿ. ಸಿ.ಟಿ. ಡೋಸ್ ಅಳೆಯುವ 16 ಮತ್ತು 32 ಸೆಂಟಿಮೀಟರ್ ವ್ಯಾಸದ ಅಕ್ರಿಲಿಕ್ ಫ್ಯಾಂಟಮ್, ವಿಕಿರಣ ಅಳೆಯುವ 100 ಮಿಲಿಮೀಟರ್ ಉದ್ದದ ಪೆನ್ಸಿಲ್ ಚೇಂಬರ್ ಇವನ್ನು ನಿಮ್ಮ ಕೈಯಿಂದಲೇ ಜೋಡಿಸಿ ಅಳತೆ ತೆಗೆಯಿರಿ. ಬೇರೆಯವರು ತೆಗೆದ ಅಳತೆಗೆ ಸಹಿ ಹಾಕುವ ಚಾಳಿಗೆ ಮೊದಲ ದಿನದಿಂದಲೇ ಎಡೆ ಕೊಡಬೇಡಿ.

ಇದರ ನಂತರ ನಿಮ್ಮ ವಿಭಾಗಕ್ಕೆ ತಕ್ಕ ವಿಕಿರಣ ಸುರಕ್ಷತಾ ಅಧಿಕಾರಿಯ ಅರ್ಹತೆ ಪಡೆದುಕೊಳ್ಳಿ. ಸಂಸ್ಥೆ ನಾಮನಿರ್ದೇಶನ ಮಾಡಿ, ಎಇಆರ್‌ಬಿ ಒಪ್ಪಿದ ಮೇಲಷ್ಟೇ ಆ ಜವಾಬ್ದಾರಿ ನಿಮ್ಮದಾಗುತ್ತದೆ. ಭಾರತೀಯ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ 1976ರಿಂದ ಇದೆ. ಸದಸ್ಯರಾಗಿ, ವಾರ್ಷಿಕ ಸಮ್ಮೇಳನಕ್ಕೆ ಹೋಗಿ. ಖಾಲಿ ಹುದ್ದೆಗಳ ಸುದ್ದಿ ಅಲ್ಲಿ ಪತ್ರಿಕೆಗಿಂತ ಮುಂಚೆ ಕಿವಿಗೆ ಬೀಳುತ್ತದೆ.

ಮೊದಲ ಕೆಲಸಕ್ಕೆ ಸೇರಿದ ತಿಂಗಳಲ್ಲಿ ಯಾವುದನ್ನೂ ಸುಧಾರಿಸಲು ಹೊರಡಬೇಡಿ. ಪ್ರತಿ ಯಂತ್ರದ ಅಳತೆ ತೆಗೆದು, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ: ನೀರಿನ ಸಿ.ಟಿ. ಸಂಖ್ಯೆ, ಗದ್ದಲ, ಗಾಮಾ ಕ್ಯಾಮೆರಾದ ಯೂನಿಫಾರ್ಮಿಟಿ (ಎಲ್ಲ ಕಡೆ ಸಮನಾಗಿ ಎಣಿಸುತ್ತದೆಯೇ ಎಂಬುದು), ಔಷಧದ ಚಟುವಟಿಕೆ ಅಳೆಯುವ ಡೋಸ್ ಕ್ಯಾಲಿಬ್ರೇಟರ್‌ನ ಸ್ಥಿರತೆ. ಎರಡನೆಯ ತಿಂಗಳು ಮಕ್ಕಳ ಸಿ.ಟಿ. ಪ್ರೋಟೊಕಾಲ್‌ಗಳನ್ನು ತೆರೆದು ನೋಡಿ. ದೊಡ್ಡವರಿಗೆ ಇಟ್ಟ ಸೆಟ್ಟಿಂಗ್‌ನಲ್ಲೇ ಮಗುವನ್ನೂ ಸ್ಕ್ಯಾನ್ ಮಾಡುತ್ತಿದ್ದರೆ, ರೇಡಿಯಾಲಜಿಸ್ಟ್ ಮತ್ತು ಟೆಕ್ನಾಲಜಿಸ್ಟ್ ಇಬ್ಬರನ್ನೂ ಕೂರಿಸಿಕೊಂಡು ಮೊದಲು ಅದನ್ನು ಸರಿಪಡಿಸಿ.